ಕಡಿವಾಣದ ಮೊಳೆ

ಪ್ರಿಯ ಲೇಖಕರೇ,

ನಿಮ್ಮ 'ಶಿಲುಬೆ ಮತ್ತು ಸಿಂಹಾಸನ' ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯವೂ ನಮ್ಮ ಓದುಗರಿಗೆ ಹೊಸದು. ಆದರೆ ಎರಡನೆಯ ಪುಟ ನನ್ನನ್ನು ಕೆರಳಿಸಿತು.

'ಕಾನ್‌ಸ್ಟಂಟೈನ್ ಚಕ್ರವರ್ತಿಯ ತಾಯಿ ಹೆಲೆನಾ ಜೆರುಸಲೇಮಿನಲ್ಲಿ ಯೇಸುವಿನ ಶಿಲುಬೆಯನ್ನು ಅಗೆದು ತೆಗೆದಳು, ಇದಕ್ಕೆ ಇತಿಹಾಸವೇ ಸಾಕ್ಷಿ' ಎಂದಿದ್ದೀರಿ. ಯಾವ ಸಾಕ್ಷಿ? ನಾಲ್ಕನೇ ಶತಮಾನದಲ್ಲಿ, ಆ ಕಾಲದಲ್ಲೇ ಬದುಕಿದ್ದು, ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ಚರಿತ್ರೆ ಬರೆದ ಬಿಷಪ್ ಯುಸೇಬಿಯಸ್ ಹೆಲೆನಾಳ ಯಾತ್ರೆಯನ್ನು ಬಣ್ಣಿಸುತ್ತಾನೆ, ಬೆತ್ಲೆಹೇಮಿನ ಚರ್ಚಿನ ಬಗ್ಗೆ ಹೇಳುತ್ತಾನೆ. ಆಕೆಗೆ ಶಿಲುಬೆ ಸಿಕ್ಕಿತೆಂದು ಒಂದಕ್ಷರವನ್ನೂ ಬರೆದಿಲ್ಲ.

ಮುಂದಿನ ಸಾಲು: 'ಚಕ್ರವರ್ತಿ ಶಿಲುಬೆಯ ಮೊಳೆಗಳನ್ನು ಕಿರೀಟಕ್ಕೂ ಕುದುರೆಯ ಕಡಿವಾಣಕ್ಕೂ ಹಾಕಿಸಿಕೊಂಡ, ಅಧಿಕಾರ ಧರ್ಮವನ್ನು ಬಳಸಿಕೊಂಡಿತು.' ನಮಗೆ ಉಳಿದಿರುವ ಬರಹಗಳಲ್ಲಿ ಹೆಲೆನಾ ಮತ್ತು ಮೊಳೆಗಳ ಈ ಕತೆ ಮೊದಲು ಕಾಣುವುದು 395ರಲ್ಲಿ, ಮಿಲಾನಿನಲ್ಲಿ. ಥಿಯೋಡೋಸಿಯಸ್ ಚಕ್ರವರ್ತಿ ತೀರಿಕೊಂಡಿದ್ದ. ಹತ್ತು ವರ್ಷದ ಮಗ ಹೊನೋರಿಯಸ್ ಎದುರಿಗಿದ್ದಾಗ ಬಿಷಪ್ ಆಂಬ್ರೋಸ್ ಶ್ರದ್ಧಾಂಜಲಿಯ ಭಾಷಣದಲ್ಲಿ ಇದನ್ನು ಹೇಳಿದ. ಐದು ವರ್ಷ ಮೊದಲು, ಚಕ್ರವರ್ತಿಯ ಸೈನಿಕರು ಥೆಸಲೋನಿಕಾ ನಗರದಲ್ಲಿ ನಡೆಸಿದ ಹತ್ಯಾಕಾಂಡಕ್ಕಾಗಿ ಥಿಯೋಡೋಸಿಯಸ್‌ನಿಂದ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಸಿದ್ದವನೂ ಇದೇ ಆಂಬ್ರೋಸ್. ರಾಜರ ಸೊಕ್ಕಿಗೆ ಅಂಕೆಯಿರಲೆಂದೇ ಕಡಿವಾಣದಲ್ಲಿ ಮೊಳೆ ಎಂದ. ಆ ಕಡಿವಾಣ ಯಾರ ಬಾಯಿಗೆ ಎಂಬುದು ಸೇರಿದ್ದವರಿಗೆ ತಿಳಿಯದೇ ಇರಲಿಲ್ಲ. (ಹೆಲೆನಾ ಮೊದಲು ಛತ್ರದಲ್ಲಿ ದುಡಿಯುತ್ತಿದ್ದವಳಂತೆ ಎಂದೂ ಅದೇ ಸಭೆಯಲ್ಲಿ ಹೇಳಿದ; ಧೈರ್ಯಸ್ಥ.) ಇಷ್ಟನ್ನೂ ಬಿಟ್ಟು ನೀವು ಮೊಳೆಯನ್ನು ಚಕ್ರವರ್ತಿಯ ಆಯುಧ ಮಾಡಿದ್ದೀರಿ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದಾಗ ಅಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಮಂತ್ರಿಯ ಭಾಷಣವಿರಲಿ, ಸ್ಥಳಪುರಾಣವಿರಲಿ, ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ 'ಯಾರು ಹೇಳಿದರು? ಯಾರ ಮುಂದೆ?' ಎಂದು ಗೀಚುತ್ತಿದ್ದರು. ಉತ್ತರ ಸಿಗುವವರೆಗೆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಬೆನ್ನ ಹಿಂದೆ ನಾವು ಅವರನ್ನು ಪಾಟೀಸವಾಲಿನ ವಕೀಲರೆಂದು ಕರೆಯುತ್ತಿದ್ದೆವು. ಈಗ ಅದೇ ಪೆನ್ಸಿಲು ನನ್ನ ಕೈಗೆ ಬಂದಿದೆ, ಏನು ಮಾಡಲಿ!

ನಿಮ್ಮ ವಾದಕ್ಕೆ ಗಟ್ಟಿ ಆಧಾರ ಬೇರೆಯೇ ಇದೆ. ಕಾನ್‌ಸ್ಟಂಟೈನನ ಮಗ ಎರಡನೇ ಕಾನ್‌ಸ್ಟಾಂಟಿಯಸ್ 356ರಲ್ಲಿ ಸಂತ ತಿಮೊಥೆಯನ ಅಸ್ಥಿಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ತರಿಸಿ, ತಂದೆಯ ಸಮಾಧಿಯಿದ್ದ ಅಪೊಸ್ತಲರ ಚರ್ಚಿನಲ್ಲೇ ಇರಿಸಿದ. ಹೊಸ ರಾಜಧಾನಿಯಲ್ಲಿ ಸಂತರ ಸಮಾಧಿಗಳು ಕಡಿಮೆಯಿದ್ದವು. ಬೇಕೆನಿಸಿದ್ದನ್ನು ಚಕ್ರವರ್ತಿ ತರಿಸಿಕೊಂಡ. ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಅದನ್ನು ಮೇಲಕ್ಕೆ ತನ್ನಿ, ಎರಡನೆಯ ಪುಟವನ್ನು ಮಿಲಾನಿನಿಂದ ಶುರುಮಾಡಿ ಮತ್ತೆ ಕಳುಹಿಸಿ. 'ಇತಿಹಾಸವೇ ಸಾಕ್ಷಿ' ಎಂಬ ಮಾತು ಮಾತ್ರ ಇನ್ನೊಮ್ಮೆ ಕಾಣಿಸಬಾರದು.

ಇತಿ,
ಸಂಪಾದಕ