ಪ್ರಾಕ್ಟೀಸ್‌ಗೆ ಲೇಟಾಗಿ ಬರುವ ಫುಟ್‌ಬಾಲ್ ಆಟಗಾರರಿಗೆ ದಂಡ ಹಾಕಿದರೆ ಉಪಯೋಗ ಇದೆಯಾ?

ಕ್ಲಬ್ ಒಂದರ ದಂಡದ ಪಟ್ಟಿ ಓದಿ ನೀವು ಕೇಳಿರುವ ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಪ್ರಾಕ್ಟೀಸ್‌ಗೆ ತಡವಾದರೆ 20,000 ಪೌಂಡ್ ದಂಡ ಅನ್ನೋದು ನಿಜವಾ? ವಾರಕ್ಕೆ ಲಕ್ಷ ಪೌಂಡ್ ಎಣಿಸುವವನಿಗೆ ಅದು ತಾಗುತ್ತಾ? ಪಟ್ಟಿ ನಿಜ. ಆದರೆ ಅಂಥವನಿಗೆ ದುಡ್ಡು ತಾಗೋದು ಕಡಿಮೆ, ಶನಿವಾರದ ಪಂದ್ಯಕ್ಕೆ ಇಳಿಯುವ ಹನ್ನೊಂದು ಜನರಲ್ಲಿ ಹೆಸರು ಇಲ್ಲದಿದ್ದರೆ ತಾಗುತ್ತೆ.

ನೀವು ಓದಿರೋದು ಫ್ರಾಂಕ್ ಲ್ಯಾಂಪಾರ್ಡ್ ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ನ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಆಗಿದ್ದಾಗಿನ ಪಟ್ಟಿ, 2019ರಲ್ಲಿ ಹೊರಗೆ ಬಂದದ್ದು. ಪ್ರಾಕ್ಟೀಸ್ ಶುರುವಾದ ಮೇಲೆ ಬಂದರೆ 20,000 ಪೌಂಡ್. ತಂಡದ ಮೀಟಿಂಗ್‌ಗೆ ತಡವಾದರೆ ನಿಮಿಷಕ್ಕೆ 500. ಊಟದಲ್ಲೋ ಮೀಟಿಂಗ್‌ನಲ್ಲೋ ಫೋನ್ ರಿಂಗ್ ಆದರೆ 1,000. 14 ದಿನದಲ್ಲಿ ಕಟ್ಟದಿದ್ದರೆ ಡಬಲ್. ಈ ಪಟ್ಟಿಯಲ್ಲಿ ಮೊತ್ತಕ್ಕಿಂತ ಲೆಕ್ಕ ಹಾಕುವ ರೀತಿ ನೋಡಿ. ಮೀಟಿಂಗ್‌ನಲ್ಲಿ ಒಬ್ಬನಿಗಾಗಿ ಇಡೀ ತಂಡ ಕೂತು ಕಾಯುತ್ತೆ, ಹಾಗಾಗಿ ನಿಮಿಷದ ಲೆಕ್ಕ ಸರಿ. ಪ್ರಾಕ್ಟೀಸ್‌ಗೆ ಇರೋದು ಒಂದೇ ಸಗಟು ಮೊತ್ತ. ಒಂದು ನಿಮಿಷ ತಡವಾದರೂ ಅಷ್ಟೇ, ನಲವತ್ತು ನಿಮಿಷ ತಡವಾದರೂ ಅಷ್ಟೇ. ಹೇಗೂ ದಂಡ ಬಿತ್ತು ಅಂದಮೇಲೆ ಬೇಗ ಹೋಗೋಕೆ ಕಾರಣ ಏನುಳಿಯಿತು?

ಇನ್ನೊಂದು ತೊಡಕು ಸಂಬಳದ ಅಂತರದ್ದು. ವಾರಕ್ಕೆ 1,00,000 ಪೌಂಡ್ ಪಡೆಯುವವನಿಗೆ 20,000 ಅಂದರೆ ವಾರದ ಸಂಬಳದ ಐದನೇ ಒಂದು ಭಾಗ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕ್ಲಬ್‌ನ ಅಕಾಡೆಮಿಯಿಂದ, ಅಂದರೆ ಕಿರಿಯರ ತರಬೇತಿ ಶಾಲೆಯಿಂದ, ಈಗಷ್ಟೇ ಮೇಲೆ ಬಂದ, ವಾರಕ್ಕೆ 5,000 ಪಡೆಯುವ ಹುಡುಗನಿಗೆ ಅದು ನಾಲ್ಕು ವಾರದ ದುಡಿಮೆ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನ ಮಾದರಿ ಒಪ್ಪಂದದ ಪ್ರಕಾರ ಕ್ಲಬ್ ಮೊದಲ ತಪ್ಪಿಗೆ ಹಾಕಬಹುದಾದ ದಂಡ ಸಾಮಾನ್ಯವಾಗಿ ಹೆಚ್ಚೆಂದರೆ ಎರಡು ವಾರದ ಮೂಲ ಸಂಬಳ, 12 ತಿಂಗಳೊಳಗೆ ಮತ್ತೆ ತಪ್ಪಿದರೆ ನಾಲ್ಕು ವಾರದ್ದು. ಅಂದರೆ ಆ ಹುಡುಗನ ಸಂಬಳದಲ್ಲಿ ಮೊದಲ ಸಲವೇ 20,000 ಮುರಿದುಕೊಳ್ಳುವಂತಿಲ್ಲ. ಅದಕ್ಕೇ ಎರಡು ಲೆಕ್ಕ ಬೇರೆಬೇರೆ ಇಡಬೇಕು. ಆಟಗಾರರೇ ಒಪ್ಪಿ ತಂಡದ ಹುಂಡಿಗೆ ಹಾಕುವ ದುಡ್ಡು ಒಂದು. ಕ್ಲಬ್ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ, ಸಂಬಳದಲ್ಲಿ ಹಿಡಿಯುವುದು ಇನ್ನೊಂದು. ಎರಡನ್ನೂ ಕಲಸಿದ ಕ್ಲಬ್‌ಗಳು ಮುಂದೆ ವಕೀಲರ ಮುಂದೆ ಕೂರಬೇಕಾಗುತ್ತೆ.

ಹುಂಡಿಯ ದಂಡಕ್ಕೆ ನಾನು ಸೂಚಿಸೋದು ಸಂಬಳದ ಶೇಕಡಾವಾರು ಲೆಕ್ಕ. ಸಂಬಳ ಗುಟ್ಟು ಅಂತ ಆಟಗಾರರು ಒಪ್ಪದಿದ್ದರೆ ಮೂರು ಹಂತ ಮಾಡಿ: ಅಕಾಡೆಮಿ ಹುಡುಗರು, ತಂಡದ ನಡುವಿನವರು, ಹೆಚ್ಚು ಪಡೆಯುವವರು.

ಇಷ್ಟಾದರೂ ದಂಡಕ್ಕೆ ಒಂದು ಕೆಟ್ಟ ಗುಣ ಇದೆ. ಇಸ್ರೇಲ್‌ನ ಹೈಫಾದಲ್ಲಿ 10 ಶಿಶುವಿಹಾರಗಳನ್ನು ಆರಿಸಿಕೊಂಡು ನಡೆಸಿದ ಒಂದು ಪ್ರಯೋಗ 2000ರಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯೋಕೆ ತಡವಾಗಿ ಬರುವ ಪೋಷಕರಿಗೆ ಆರು ಕಡೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡ ತೆಗೆದ ಮೇಲೂ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಮೊದಲಿದ್ದ ಸಂಕೋಚ ಹೋಗಿ, ತಡ ಅನ್ನೋದು ದುಡ್ಡು ಕೊಟ್ಟು ಕೊಳ್ಳುವ ಸೌಕರ್ಯ ಆಗಿಬಿಟ್ಟಿತ್ತು. ಡ್ರೆಸ್ಸಿಂಗ್ ರೂಮಿನಲ್ಲೂ ಇದೇ. ‘ಕಟ್ತೀನಿ ಬಿಡಿ’ ಅಂತ ನಗುತ್ತಾ ಬರುವವನು ಒಬ್ಬ ಸಿಕ್ಕಿದರೆ ಪಟ್ಟಿಯ ಕೆಲಸ ಮುಗಿಯಿತು ಅಂತಲೇ ಅರ್ಥ.

ಹತ್ತು ನಿಮಿಷಕ್ಕೆ ಇಷ್ಟೊಂದು ರಂಪ ಯಾಕೆ ಅಂತ ಹೊರಗಿನವರಿಗೆ ಅನ್ನಿಸುತ್ತೆ. ಒಂದು ಬೆಳಗ್ಗೆ ಹೇಗಿರುತ್ತೆ ನೋಡಿ. ಮೈದಾನಕ್ಕೆ ಇಳಿಯೋದು 10:30ಕ್ಕೆ ಅಂತಿಟ್ಟುಕೊಳ್ಳಿ. 9ಕ್ಕೆ ಕ್ಲಬ್ ಒಳಗಿರಬೇಕು. ತಿಂಡಿ, ತೂಕ, ಆಮೇಲೆ ನಿದ್ದೆ ಹೇಗಾಯಿತು, ಮೈಕೈ ನೋವು ಎಷ್ಟು ಅಂತ 1ರಿಂದ 5ರವರೆಗೆ ಅಂಕ ಕೊಡೋದು. ಎರಡು ಮೂರು ಟೇಬಲ್ ಇಟ್ಟುಕೊಂಡು ಫಿಸಿಯೊಗಳು ಒಬ್ಬೊಬ್ಬರದೇ ಪಾದದ ಗಂಟಿಗೆ ಟೇಪ್ ಸುತ್ತಬೇಕು, ಒಬ್ಬರಿಗೆ ಐದಾರು ನಿಮಿಷ. ಅಲ್ಲಿ ಒಬ್ಬನ ಸರದಿ ತಪ್ಪಿದರೆ ಹಿಂದಿನವರದೆಲ್ಲ ಜಾರುತ್ತೆ. ನಂತರ ಜಿಮ್‌ನಲ್ಲಿ 15–20 ನಿಮಿಷ ರಬ್ಬರ್ ಬ್ಯಾಂಡ್ ಹಾಕಿಕೊಂಡು ಸೊಂಟ, ತೊಡೆ ಎಬ್ಬಿಸುವ ವ್ಯಾಯಾಮ. ಹತ್ತು ನಿಮಿಷ ವಿಡಿಯೊ. ಕೊನೆಗೆ ಬೆನ್ನಿಗೆ ಓಟ ಅಳೆಯುವ ಜಿಪಿಎಸ್ ಇರುವ ಬನಿಯನ್, ಬೂಟು, ಮೈದಾನ.

10:20ಕ್ಕೆ ಗೇಟು ದಾಟಿದವನೂ 10:30ಕ್ಕೆ ಹುಲ್ಲಿನ ಮೇಲೆ ನಿಂತಿರಬಹುದು. ‘ನಾನು ಲೇಟ್ ಇಲ್ವಲ್ಲ’ ಅಂತ ವಾದವನ್ನೂ ಮಾಡಬಹುದು. ಹಾಗಾಗಿ ನಿಯಮದಲ್ಲಿ ಬರೆಯಬೇಕಾದ್ದು ಮೈದಾನದ ಸಮಯ ಅಲ್ಲ, ಕಟ್ಟಡದೊಳಗೆ ಇರಬೇಕಾದ ಸಮಯ. ಯಾವ ಗಡಿಯಾರ ಲೆಕ್ಕ ಅನ್ನೋದನ್ನೂ ಬರೆಯಿರಿ. ಡ್ರೆಸ್ಸಿಂಗ್ ರೂಮಿನ ಗೋಡೆ ಗಡಿಯಾರ ಅಂದರೆ ಅದೊಂದೇ. ಜಗಳದ ಅರ್ಧ ಇಲ್ಲೇ ಕಳೆಯುತ್ತೆ.

ತಡವಾಗಿ ಬಂದವನನ್ನು ಆ ದಿನ ಏನು ಮಾಡಬೇಕು? ನೇರವಾಗಿ ಗುಂಪಿಗೆ ಸೇರಿಸಬೇಡಿ. ವಾರ್ಮ್ ಅಪ್ ಇಲ್ಲದೆ ಓಟಕ್ಕೆ ಬಿದ್ದರೆ ತೊಡೆಯ ಹಿಂಭಾಗದ ಸ್ನಾಯು ಹರಿಯುವ ಅಪಾಯ ಇದೆ, ಹರಿದರೆ ಹತ್ತು ನಿಮಿಷದ ತಡ ಕೆಲವು ವಾರಗಳದ್ದಾಗುತ್ತೆ. ಫಿಟ್‌ನೆಸ್ ಕೋಚ್ ಜತೆ ಪಕ್ಕದಲ್ಲಿ ಪೂರ್ತಿ ವಾರ್ಮ್ ಅಪ್ ಮಾಡಿಸಿ, ಮುಂದಿನ ನೀರಿನ ಬ್ರೇಕ್‌ನಲ್ಲಿ ಒಳಗೆ ಬಿಡಿ. ಅಷ್ಟರಲ್ಲಿ ಹತ್ತು ಜನರ ಎದುರು ಹತ್ತು ಜನ ಅಂತ ಯೋಜಿಸಿದ್ದ ಆಟದಲ್ಲಿ ಅವನ ಜಾಗಕ್ಕೆ ಅಕಾಡೆಮಿ ಹುಡುಗ ಬಂದಿರುತ್ತಾನೆ. ಆ ಆಟ ಮುಗಿಯುವವರೆಗೆ ಆ ಹುಡುಗನನ್ನು ಹೊರಗೆ ಕಳಿಸಬೇಡಿ. ತನ್ನ ಜಾಗದಲ್ಲಿ ಇನ್ನೊಬ್ಬ ಆಡೋದನ್ನು ಗೆರೆಯಾಚೆ ನಿಂತು ನೋಡೋದಕ್ಕಿಂತ ಒಳ್ಳೆ ದಂಡ ಇಲ್ಲ.

ಶಿಕ್ಷೆಗೆ ಅಂತ ಮೈದಾನ ಸುತ್ತಿಸೋದು ಶುದ್ಧ ದಡ್ಡತನ. ಯಾವ ದಿನ ಎಷ್ಟು ಓಡಬೇಕು ಅನ್ನೋದು ಪಂದ್ಯದ ದಿನದಿಂದ ಹಿಂದಕ್ಕೆ ಎಣಿಸಿ ನಿಗದಿಯಾಗಿರುತ್ತೆ. ಗುರುವಾರ ಹತ್ತು ಸುತ್ತು ಓಡಿಸಿದರೆ ಶನಿವಾರ ಸುಸ್ತಾದ ಕಾಲು ನಿಮ್ಮ ತಂಡದ್ದೇ.

ಪದೇ ಪದೇ ತಡ ಮಾಡುವವನನ್ನು, ಅಥವಾ ಪಂದ್ಯದ ದಿನ ತಡ ಮಾಡಿದವನನ್ನು, ಹನ್ನೊಂದರಿಂದ ಬಿಡಲೇಬೇಕು. ಚೆನ್ನಾಗಿ ನಡೆದ ಉದಾಹರಣೆ 2022ರ ಡಿಸೆಂಬರ್ 31ರದ್ದು. ಮಾರ್ಕಸ್ ರಾಶ್‌ಫರ್ಡ್ ನಿದ್ದೆ ಹೋಗಿ ಮೀಟಿಂಗ್‌ಗೆ ತಡವಾಗಿ ಬಂದ. ಮ್ಯಾಂಚೆಸ್ಟರ್ ಯುನೈಟೆಡ್‌ನ ಆಗಿನ ಮ್ಯಾನೇಜರ್ ಎರಿಕ್ ಟೆನ್ ಹಾಗ್, ವುಲ್ವ್ಸ್ ತಂಡದ ವಿರುದ್ಧ ಅವನನ್ನು ಬೆಂಚಿನಲ್ಲಿ ಕೂರಿಸಿದರು. ದ್ವಿತೀಯಾರ್ಧಕ್ಕೆ ಇಳಿಸಿದರು, ಪಂದ್ಯದ ಏಕೈಕ ಗೋಲು ಅವನದೇ. ತಪ್ಪು ಬೆಳಗ್ಗೆ, ಶಿಕ್ಷೆ ಮಧ್ಯಾಹ್ನ, ಸಂಜೆಗೆ ಲೆಕ್ಕ ಚುಕ್ತಾ.

ಆರ್ಸೆನಲ್ ಕ್ಲಬ್‌ನಲ್ಲಿ ಹಾಗೆ ಮುಗಿಯಲಿಲ್ಲ. 2021ರ ಮಾರ್ಚ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧದ ಪಂದ್ಯಕ್ಕೆ ಮ್ಯಾನೇಜರ್ ಮಿಕೆಲ್ ಆರ್ಟೆಟಾ ನಾಯಕ ಔಬಮೆಯಾಂಗ್‌ನನ್ನೇ ಶಿಸ್ತಿನ ಕಾರಣಕ್ಕೆ ಬೆಂಚಿನಲ್ಲಿ ಕೂರಿಸಿದರು, ತಂಡ 2-1ರಿಂದ ಗೆದ್ದಿತು. ಡಿಸೆಂಬರ್‌ನಲ್ಲಿ ಮತ್ತೆ ಶಿಸ್ತು ಮುರಿದಾಗ ನಾಯಕತ್ವ ಹೋಯಿತು, 2022ರ ಫೆಬ್ರವರಿಗೆ ಅವನು ಬಾರ್ಸಿಲೋನ ಕ್ಲಬ್‌ನಲ್ಲಿದ್ದ. ಕಠೋರ ಅನ್ನುವವರಿದ್ದಾರೆ. ನನಗೆ ಹಾಗನ್ನಿಸೋದಿಲ್ಲ, ನಾಯಕನಿಗೆ ಬೆಣ್ಣೆ, ಹುಡುಗರಿಗೆ ಸುಣ್ಣ ಅಂತಾದರೆ ಆ ಪಟ್ಟಿಯನ್ನು ಗೋಡೆಗೆ ಅಂಟಿಸಿ ಪ್ರಯೋಜನ ಇಲ್ಲ. ಆದರೆ ಒಂದು ಎಚ್ಚರಿಕೆ: ಒಪ್ಪಂದ ಮುರಿಯಲಿ ಅಂತಲೇ ಆಟಗಾರನನ್ನು ವಾರಗಟ್ಟಲೆ ಒಂಟಿಯಾಗಿ ಓಡಿಸಿದರೆ ಫಿಫಾ ನಿಯಮದ 14ನೇ ವಿಧಿಯಡಿ ಅದು ಕಿರುಕುಳ ಎನಿಸಿಕೊಳ್ಳಬಹುದು, ಆಗ ಬಿಟ್ಟುಹೋಗುವ ಹಕ್ಕು ಅವನಿಗೇ ಸಿಗುತ್ತೆ.

ದುಡ್ಡಿಲ್ಲದ ದಾರಿಯೂ ಇದೆ. ಜರ್ಮನಿಯ ಲೈಪ್‌ಜಿಗ್ ಕ್ಲಬ್‌ನಲ್ಲಿ ಕೋಚ್ ಯೂಲಿಯಾನ್ ನಾಗೆಲ್ಸ್‌ಮನ್ 2019ರಲ್ಲಿ ಜಾತ್ರೆಯ ಅದೃಷ್ಟಚಕ್ರದಂಥದ್ದೇ ಒಂದು ಚಕ್ರ ತಂದಿಟ್ಟರು. ತಪ್ಪು ಮಾಡಿದವನು ತಿರುಗಿಸಬೇಕು. ಕ್ಲಬ್ ಅಂಗಡಿಯಲ್ಲಿ ವ್ಯಾಪಾರ, ಅಭಿಮಾನಿಗಳಿಗೆ ಕ್ರೀಡಾಂಗಣ ತೋರಿಸೋದು, ಬ್ಯಾಲೆ ನರ್ತಕಿಯರ ಲಂಗ ತೊಟ್ಟು ಪ್ರಾಕ್ಟೀಸ್ ಮಾಡೋದು, ಹೀಗೆ. ಸಣ್ಣ ತಪ್ಪುಗಳಿಗೆ ಇದು ಚೆನ್ನ, ಯಾಕಂದರೆ ಕೋಟ್ಯಧಿಪತಿಗೂ ಕೊರತೆ ಇರೋದು ಬಿಡುವಿನ ಸಮಯಕ್ಕೆ.

ಇನ್ನು ಸಬೂಬುಗಳು. ದಿನಾ ಇರುವ ಟ್ರಾಫಿಕ್ ಕಾರಣ ಅಲ್ಲ. (ಸಿಲ್ಕ್ ಬೋರ್ಡ್ ಕಡೆಯವರು ಕ್ಷಮಿಸಿ.) ಅಪಘಾತ, ಮಗುವಿನ ಜ್ವರ, ದೇಶದ ಪರ ಆಡಿ ವಾಪಸಾಗುವಾಗ ತಪ್ಪಿದ ವಿಮಾನ, ಇವು ಕಾರಣ. ಆದರೆ ಬರಬೇಕಾದ ಸಮಯಕ್ಕೆ ಮುಂಚೆ ಟೀಮ್ ಮ್ಯಾನೇಜರ್‌ಗೆ ಫೋನ್ ಬಂದಿರಬೇಕು. ಸಹ ಆಟಗಾರನಿಗೆ ಕಳಿಸಿದ ವಾಟ್ಸಾಪ್ ಲೆಕ್ಕಕ್ಕಿಲ್ಲ.

ಒಂದೇ ತಿಂಗಳಲ್ಲಿ ಮೂರನೇ ಸಲ ತಡವಾದರೆ ದಂಡದ ಪುಸ್ತಕ ಪಕ್ಕಕ್ಕಿಟ್ಟು ಡಾಕ್ಟರ್ ಜತೆ ಕೂರಿಸಿ. ರಾತ್ರಿ ಪಂದ್ಯ ಆಡಿದವನಿಗೆ ಬೆಳಗಿನ ಮೂರು ನಾಲ್ಕರವರೆಗೂ ನಿದ್ದೆ ಹತ್ತದಿರೋದು ಮಾಮೂಲು. ಕೆಲವರು ಅದಕ್ಕೆ ಮಾತ್ರೆ ಹಿಡಿಯುತ್ತಾರೆ, ಕೆಲವರು ಬೆಳಗಿನವರೆಗೂ ಜೂಜಿನ ಆ್ಯಪ್ ತೆರೆದಿಟ್ಟುಕೊಂಡು ಕೂತಿರುತ್ತಾರೆ. ‘ಯಾಕೆ ಲೇಟು?’ ಅಂತ ಕೇಳಿದರೆ ಟ್ರಾಫಿಕ್ ಅನ್ನೋ ಉತ್ತರವೇ ಬರೋದು. ‘ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ?’ ಅಂತ ಕೇಳಿ ನೋಡಿ.