ಆಪ್ತಸಲಹೆ ಪ್ರಕರಣ: ತಾಯಿ ಬೇರೆ ಊರಿಗೆ ಹೋದಾಗ ಮಗಳು ಯಾರ ಬಳಿ ಇರಬೇಕು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನ ಈ ದಂಪತಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದಾಗ, ಎಂಟು ವರ್ಷದ ಮಗಳು ಒಂದು ವಾರ ತಾಯಿಯ ಬಳಿ, ಮರುವಾರ ತಂದೆಯ ಬಳಿ ಇರಬೇಕೆಂದು ರಾಜಿ ಪತ್ರದಲ್ಲಿ ಬರೆದುಕೊಂಡಿದ್ದರು. ಬಡ್ತಿಯ ನಂತರ ತಾಯಿ ಕೆಲಸದ ನಿಮಿತ್ತ ಆಗಾಗ ಪುಣೆಗೆ ಹೋಗಬೇಕಾಯಿತು. ಆ ದಿನಗಳಲ್ಲಿ ಮಗು ಅಜ್ಜಿಯ ಮನೆಯಲ್ಲಿರುತ್ತಿತ್ತು. ತಂದೆಯ ತಕರಾರು ಇದೇ: "ನಾನು ಇದೇ ಊರಿನಲ್ಲಿರುವಾಗ ಮಗಳು ಬೇರೆಯವರ ಮನೆಯಲ್ಲಿ ಯಾಕೆ ಮಲಗಬೇಕು, ಮೇಡಂ?" ತಾಯಿಯ ಭಯ ಬೇರೆಯದು. "ಒಂದು ಸಲ ಬಿಟ್ಟುಕೊಟ್ಟರೆ, ಇವಳು ಊರಲ್ಲೇ ಇರುವುದಿಲ್ಲ ಅಂತ ನಾಳೆ ಕೋರ್ಟಿಗೆ ಅರ್ಜಿ ಹಾಕುತ್ತಾರೆ."

ಒಬ್ಬರು ಊರಲ್ಲಿಲ್ಲದಾಗ ಮಗುವನ್ನು ನೋಡಿಕೊಳ್ಳುವ ಮೊದಲ ಅವಕಾಶ ಇನ್ನೊಬ್ಬರಿಗೇ ಸಿಗಬೇಕೆಂಬ ನಿಯಮವನ್ನು ತಂದೆ ಅಂತರ್ಜಾಲದಲ್ಲಿ ಓದಿಕೊಂಡು ಬಂದಿದ್ದರು. ಅಮೆರಿಕದ ಇಲಿನಾಯ್ ರಾಜ್ಯದ ಕಾನೂನಿನಲ್ಲಿ ಅಂಥ ಅವಕಾಶವಿದೆ, ಅಲ್ಲಿಯೂ ಅದನ್ನು ಕೊಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ನಮ್ಮ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಲ್ಲಾಗಲಿ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಲ್ಲಾಗಲಿ ಅಂಥ ಕಲಂ ಇಲ್ಲ. ಅಲ್ಲಿ ತೂಕವಿರುವುದು ಮಗುವಿನ ಕ್ಷೇಮಕ್ಕೆ. ಜಂಟಿ ಪಾಲನೆಗೆ ಕಾನೂನಿನಲ್ಲಿಯೇ ಜಾಗ ಕೊಡಬೇಕೆಂದು ಕಾನೂನು ಆಯೋಗವು 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದ್ದರೂ ತಿದ್ದುಪಡಿ ಬರಲಿಲ್ಲ. ಹೀಗಾಗಿ ರಾಜಿ ಪತ್ರದಲ್ಲಿ ಬರೆದುಕೊಂಡದ್ದೇ ಇಬ್ಬರಿಗೂ ಆಧಾರ, ಅವರ ಪತ್ರದಲ್ಲೋ ಪ್ರಯಾಣದ ಪ್ರಸ್ತಾಪವೇ ಇರಲಿಲ್ಲ.

ಮಗುವಿನೊಡನೆ ಪ್ರತ್ಯೇಕವಾಗಿ ಮಾತಾಡಿದೆ. "ಅಜ್ಜಿ ಮನೆ ಇಷ್ಟ. ಆದ್ರೆ ಅಲ್ಲಿಗೆ ಸ್ಕೂಲ್ ವ್ಯಾನ್ ಬರಲ್ಲ, ಆಟೋದಲ್ಲಿ ಹೋಗೋಷ್ಟರಲ್ಲಿ ಪ್ರೇಯರ್ ಮುಗಿದಿರುತ್ತೆ" ಎಂದಳು. ಹಕ್ಕಿನ ಬಗ್ಗೆ ಅಷ್ಟು ವಾದಿಸಿದ ಹಿರಿಯರಿಬ್ಬರಲ್ಲಿ ಯಾರೂ ವ್ಯಾನಿನ ಮಾತೆತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಅಲ್ಲಿಂದಲೇ ಹೊರಟಿತು. ಶಾಲೆಯಿರುವ ದಿನಗಳಲ್ಲಿ ತಾಯಿ ರಾತ್ರಿ ಊರಲ್ಲಿ ಉಳಿಯದಿದ್ದರೆ ಮೊದಲು ತಂದೆಯನ್ನು ಕೇಳಬೇಕು, ಏಕೆಂದರೆ ವ್ಯಾನು ಅವರ ಮನೆ ಬಾಗಿಲಿಗೆ ಬರುತ್ತದೆ. ಶನಿವಾರ, ಭಾನುವಾರ ಮಗು ಅಜ್ಜಿಯ ಬಳಿ ಇರುವುದನ್ನು ತಂದೆ ಆಕ್ಷೇಪಿಸಬಾರದು, ಅಜ್ಜಿ ಬೇರೆಯವರಲ್ಲ. ಟಿಕೆಟ್ ಆದ ಕೂಡಲೇ ದಿನಾಂಕಗಳನ್ನು ವಾಟ್ಸಾಪ್‌ನಲ್ಲಿ ತಿಳಿಸಬೇಕು, ತಂದೆ ಮರುದಿನದೊಳಗೆ ಉತ್ತರಿಸದಿದ್ದರೆ ತಾಯಿ ತಾವೇ ವ್ಯವಸ್ಥೆ ಮಾಡಿಕೊಳ್ಳಬಹುದು. ತಂದೆಯ ಪ್ರಯಾಣಕ್ಕೂ ಇದೇ ನಿಯಮ. ಎಲ್ಲಕ್ಕಿಂತ ಮುಖ್ಯವಾಗಿ, ಹೀಗೆ ಬಿಟ್ಟುಕೊಟ್ಟ ದಿನಗಳನ್ನು ಮುಂದಿನ ವಾರಗಳಲ್ಲಿ ತುಂಬಿಕೊಡಬೇಕು ಮತ್ತು ಪಾಲನೆಯ ಹಂಚಿಕೆಯನ್ನು ಬದಲಿಸಲು ಅವನ್ನು ಆಧಾರವಾಗಿ ಬಳಸುವುದಿಲ್ಲವೆಂದು ಇಬ್ಬರೂ ಬರೆದುಕೊಡಬೇಕು. ನ್ಯಾಯಾಲಯದ ವಿವೇಚನೆಯನ್ನು ಇಂಥ ಮಾತು ಕಟ್ಟಿಹಾಕಲಾರದೆಂದು ಹೇಳಿಯೂ ಹೇಳಿದೆ. ಆದರೂ ತಾಯಿಯ ಭಯಕ್ಕೆ ಲಿಖಿತ ಉತ್ತರವೇ ಬೇಕಿತ್ತು.

ವಕೀಲರ ಮೂಲಕ ಇದನ್ನು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಕೌಟುಂಬಿಕ ನ್ಯಾಯಾಲಯಕ್ಕೆ ಸಲ್ಲಿಸಲು ತಿಳಿಸಿದೆ; ಡಿಕ್ರಿಯ (ವಿಚ್ಛೇದನದ ತೀರ್ಪಿನ) ನಂತರವೂ ಮಕ್ಕಳ ಪಾಲನೆಯ ಏರ್ಪಾಟನ್ನು ಮಾರ್ಪಡಿಸಲು ಆ ಕಲಂ ಅವಕಾಶ ಕೊಡುತ್ತದೆ. ಬೇಸಿಗೆ ರಜೆಯ ವಿಷಯದಲ್ಲಿ ಮಾತ್ರ ಇಬ್ಬರೂ ಪಟ್ಟು ಸಡಿಲಿಸಲಿಲ್ಲ, ಅದನ್ನು ಮಧ್ಯಸ್ಥಿಕೆಗೆ ಬಿಟ್ಟಿದ್ದಾರೆ.