ಎಷ್ಟು ಅಡಿಗೆ ನಿಲ್ಲಿಸಬೇಕು?

ಜೊತೆಗೆ ಓದಿದವರೆಲ್ಲ ಸೈಟು, ಕಾರು ಮಾಡಿಕೊಂಡಿದ್ದಾರೆ, ನಾನಿನ್ನೂ ಬಾಡಿಗೆ ಮನೆಯಲ್ಲಿದ್ದೇನೆ, ಹಾಗಾದರೆ ಸೋತೆನಾ, ಶ್ರೀಮಂತಿಕೆ ಅಂದರೆ ಏನು ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ಕಡೆಯ ರೈತ. ನನಗೆ ಗೊತ್ತಿರುವುದು ಬೋರ್‌ವೆಲ್ಲಿನ ಕಥೆ, ಅದನ್ನೇ ಹೇಳುತ್ತೇನೆ.

ನಮ್ಮ ಕಡೆ ತೋಟ ಇದ್ದವನೇ ಸಾಹುಕಾರ. ಹೆಣ್ಣು ಕೊಡುವವರೂ ಮೊದಲು ಕೇಳುವುದು "ಅಡಿಕೆ ಎಷ್ಟೆಕರೆ?" ಅಂತಲೇ. ಅಡಿಕೆಗೆ ರೇಟು ಬಂದ ಮೇಲೆ ರಾಗಿ, ಶೇಂಗಾ ಬೆಳೆಯುತ್ತಿದ್ದ ಹೊಲಕ್ಕೂ ಸಸಿ ಇಟ್ಟರು. ನಾನೂ ಎರಡೆಕರೆ ತೋಟವನ್ನು ನಾಲ್ಕೆಕರೆ ಮಾಡಿದೆ. ನೀರು ಎಷ್ಟಿದೆ ಅಂತ ನೋಡಲಿಲ್ಲ. ಪಕ್ಕದ ಹೊಲದವರು ಎಷ್ಟು ಹಾಕಿದ್ದಾರೆ ಅಂತ ನೋಡಿದೆ.

2017ರ ಬೇಸಿಗೆ. ಬರದ ಮೇಲೆ ಬರ. ಇದ್ದ ಬೋರಿನಲ್ಲಿ ನೀರು ಅರ್ಧ ಇಂಚಿಗೆ ಇಳಿಯಿತು. ಹೊಸದು ಕೊರೆಸಲು ರಾತ್ರಿ ಲಾರಿ ಬಂತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸಿದವರು 400 ಅಡಿಗೆ ನೀರು ಅಂದಿದ್ದರು. 400 ದಾಟಿತು, ಬರೀ ಬಿಳಿ ಪುಡಿ. ಅಡಿಗಿಷ್ಟು ಅಂತ ದುಡ್ಡು. "ಅಣ್ಣಾ, ನಿಲ್ಲಿಸೋಣ್ವಾ?" ಅಂತ ಲಾರಿಯ ಹುಡುಗ ಪ್ರತಿ ಸಲ ಕೇಳಿದ. "ಇನ್ನೊಂದು ಐವತ್ತು ಹೋಗ್ಲಿ" ಅಂತ ಪ್ರತಿ ಸಲ ನಾನೇ ಅಂದೆ. 600 ಆಯಿತು, 750 ಆಯಿತು. ತಲೆ, ಹುಬ್ಬು, ಬಾಯಿಯೆಲ್ಲ ಪುಡಿ. 820ಕ್ಕೆ ನಿಂತಿತು. ನಾನು ನಿಲ್ಲಿಸಿದ್ದಲ್ಲ, ದುಡ್ಡು ಮುಗಿದಿತ್ತು. ಮುಂದಿನ ತಿಂಗಳು ಹೆಂಡತಿಯ ಸರ ಅಡವಿಟ್ಟು ಇನ್ನೊಂದು ಕೊರೆಸಿದೆ. ಅದೂ ಫೇಲ್ ಆಯಿತು.

ಮೂರನೆಯದಕ್ಕೆ ಕೈಸಾಲ ಕೇಳಲು ಹೊರಟಾಗ ಅವ್ವ ತಡೆದಳು. "ಎಷ್ಟು ಮರ ಉಳಿದ್ರೆ ನಮಗೆ ಸಾಕು, ಅದನ್ನಾದ್ರೂ ಹೇಳು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ಆ ಲೆಕ್ಕವನ್ನೇ ಹಾಕಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿರುತ್ತೀರಿ. 12ನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಇಷ್ಟು ನಮಗೆ ಬೇಡ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಚಿಕ್ಕಂದಿನಲ್ಲಿ ಇದನ್ನು ಬಡವರ ಕಥೆ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ತನಗೆ ಎಷ್ಟು ಬೇಕು ಅಂತ ಅವಳಿಗೆ ಗೊತ್ತಿತ್ತು. ನಾಲ್ಕೆಕರೆ ತೋಟ ಇಟ್ಟುಕೊಂಡ ನನಗೆ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಮಗಳ ನೋಟ್‌ಬುಕ್ಕಿನ ಹಿಂದೆ ಬರೆದೆವು. ಮನೆ ಖರ್ಚು, ಅವಳ ಓದು, ಅವ್ವನ ಮಾತ್ರೆ, ಬಡ್ಡಿ. ಹಳೇ ಬೋರಿನ ನೀರಿಗೆ ಡ್ರಿಪ್ ಹಾಕಿ ಒಂದೆಕರೆ ಉಳಿಸಿಕೊಂಡೆವು. ಉಳಿದ ಮರ ಒಣಗಿದವು, ಕಡಿಸಿದೆ. ಕಡಿಸುವ ದಿನ ಹೊಲಕ್ಕೆ ಹೋಗಲು ಆಗಲಿಲ್ಲ. ಆ ಜಾಗದಲ್ಲಿ ಈಗ ರಾಗಿ, ಅದರ ಸಾಲುಗಳ ನಡುವೆ ಅಕ್ಕಡಿಗೆ ಅವರೆ, ತೊಗರಿ. ಒಂದು ಕೃಷಿ ಹೊಂಡ, ಹತ್ತಾರು ಕುರಿ. ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಸರ ಬಿಡಿಸಿಕೊಂಡು ಬಂದೆ.

ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ. ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿಗೆ ಸಾಲುತ್ತಿಲ್ಲ ಅಂದರೆ ಇನ್ನೂ ದುಡಿಯಿರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸೈಟು ನಿಮಗೆ ಬೇಕಾ, ಇಲ್ಲ ಜೊತೆಗೆ ಓದಿದವರು ತಗೊಂಡರು ಅಂತ ಬೇಕಾ? ಇದನ್ನು ಒಬ್ಬರೇ ಕೂತು ಯೋಚಿಸಿ. ನಿಮ್ಮ ಲೆಕ್ಕವನ್ನು ಒಂದು ಹಾಳೆ ಮೇಲೆ ಬರೆಯಿರಿ. ಮನಸ್ಸಿನಲ್ಲೇ ಇದ್ದರೆ ಅದು ದಿನಾ ಬೆಳೆಯುತ್ತದೆ.

2022ರಲ್ಲಿ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಇಡೀ ಜಿಲ್ಲೆಯೇ ನೋಡಲು ಹೋಯಿತು. ನಾವೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. 130 ಅಡಿ ತುಂಬಿದ ಮೇಲೆ ಬಂದ ನೀರೆಲ್ಲ ಕೋಡಿ ಮೇಲಿಂದ ವೇದಾವತಿಗೆ ಇಳಿದು ಹೋಗುತ್ತಿತ್ತು. ಅವ್ವ ಸೆರಗು ಹೊದ್ದು ಅದನ್ನೇ ತುಂಬಾ ಹೊತ್ತು ನೋಡುತ್ತಾ ನಿಂತಳು. ಆಮೇಲೆ ರೊಟ್ಟಿ ಬಿಚ್ಚಿದಳು. ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೂ ಕೊಟ್ಟಳು.